ತೆರಿಗೆ ಮಿತಿ: ಸಂವಿಧಾನದಲ್ಲೋ, ಕಾನೂನಿನಲ್ಲೋ?
ಅಮೆರಿಕದ ಕೆಲವು ರಾಜ್ಯಗಳಂತೆ ತೆರಿಗೆ ಮಿತಿಯನ್ನು ಸಂವಿಧಾನದಲ್ಲೇ ಬರೆದರೆ ಜನರಿಗೆ ಹೆಚ್ಚು ರಕ್ಷಣೆ ಅಲ್ಲವೇ ಎಂದು ಕೇಳಿದ್ದೀರಿ. ರಕ್ಷಣೆ ಸಿಗುತ್ತದೆ ಸರ್, ಆದರೆ ಎಲ್ಲರಿಗೂ ಅಲ್ಲ. ನನ್ನ ಪ್ರಕಾರ ತತ್ವ ಸಂವಿಧಾನದಲ್ಲಿರಲಿ, ಅಂಕಿ ಕಾನೂನಿನಲ್ಲಿರಲಿ.

ಕ್ಯಾಲಿಫೋರ್ನಿಯಾ ನೋಡಿ. 1978ರಲ್ಲಿ ಜನಮತದ ಮೂಲಕ ಪ್ರೊಪೊಸಿಷನ್ 13 ಅಲ್ಲಿನ ಸಂವಿಧಾನ ಸೇರಿತು. ಆಸ್ತಿ ತೆರಿಗೆಯ ಮೂಲ ದರ ಶೇ. 1, ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ, ಆಸ್ತಿ ಕೈಬದಲಾಗುವ ತನಕ, ವರ್ಷಕ್ಕೆ ಶೇ. 2ಕ್ಕಿಂತ ಏರುವಂತಿಲ್ಲ. ನಿವೃತ್ತರು ಮನೆ ಉಳಿಸಿಕೊಂಡರು, ನಿಜ. ಆದರೆ ಅಕ್ಕಪಕ್ಕದ ಒಂದೇ ಥರದ ಎರಡು ಮನೆಗಳಲ್ಲಿ ಹೊಸದಾಗಿ ಕೊಂಡವರು ಹಳಬರಿಗಿಂತ ಹಲವು ಪಟ್ಟು ಕಟ್ಟುವ ಸ್ಥಿತಿ ಬಂತು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ದೊಡ್ಡ ವಾಣಿಜ್ಯ ಆಸ್ತಿಗಳಿಗಾದರೂ ಇದನ್ನು ಬದಲಿಸಲು 2020ರಲ್ಲಿ ಮತ್ತೆ ಜನಮತಕ್ಕೆ ಹೋದರು, ಸೋತರು.

ಮ್ಯಾಸಚೂಸೆಟ್ಸ್ 1980ರಲ್ಲಿ ಇಂಥದ್ದೇ ಮಿತಿಯನ್ನು ಸಾಮಾನ್ಯ ಕಾನೂನಾಗಿ ತಂದಿತು. ಶಾಲೆಗೆ ಹೆಚ್ಚು ದುಡ್ಡು ಬೇಕೆಂದರೆ ಊರಿನವರೇ ಮತ ಹಾಕಿ ಮಿತಿ ದಾಟಬಹುದು. ಆ ಕಾನೂನು ಇಂದಿಗೂ ಉಳಿದಿದೆ.

ನಮ್ಮ ವೃತ್ತಿ ತೆರಿಗೆಯದೂ ಕ್ಯಾಲಿಫೋರ್ನಿಯಾದಂಥದ್ದೇ ಕಥೆ, ಅಂಕಿ ಸಂವಿಧಾನದಲ್ಲೇ ಇದೆ. ಸಂವಿಧಾನದ 276ನೇ ವಿಧಿ ವರ್ಷಕ್ಕೆ ಗರಿಷ್ಠ 2,500 ರೂಪಾಯಿ ಎಂದು 1988ರಲ್ಲಿ ಹೇಳಿದ್ದು ಇನ್ನೂ ಹಾಗೇ ಇದೆ. ಅಂದು ಅದು ಹಲವರ ತಿಂಗಳ ಸಂಬಳ!