ಇದರಾಗ ಹಾಡಿಲ್ಲರಿ

ಮನೆಯವರು ಬರೆದ ಚಿತ್ರಗಳನ್ನು ಎಕ್ಸ್‌ರೇ ಹಾಗೆ ಕವರಿನಲ್ಲಿ ಹಾಕಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವವರು ಈಗೀಗ ಜಾಸ್ತಿಯಾಗಿದ್ದಾರೆ. ಟೇಬಲ್ ಮೇಲೆ ಹರವಿ, "ಇದರಾಗ ಏನೈತಿ ನೋಡಿ ಹೇಳ್ರಿ ಮೇಡಂ" ಅನ್ನುತ್ತಾರೆ. ಒಮ್ಮೆ ಮಗಳ ಚಿತ್ರ, ಒಮ್ಮೆ ಸೊಸೆಯದು. ಈ ಪ್ರಕರಣ ಬರೆಯಲು ಅದೊಂದು ಕಾರಣ. ಇನ್ನೊಂದು, ಇದರಲ್ಲಿ ತಪ್ಪಿದವಳು ನಾನು. ಹುಡುಗ, ಅವನ ಅಣ್ಣ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಇಪ್ಪತ್ನಾಲ್ಕು. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಡಿಗ್ರಿ ಮುಗಿಸಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದವನು. ಸಪ್ತಾಪುರದಲ್ಲಿ ಮೂವರ ಜೊತೆ ಒಂದು ರೂಮು. ಅಂಥ ರೂಮು ನೋಡಿದವರಿಗೆ ಹೇಳಬೇಕಾಗಿಲ್ಲ: ಗೋಡೆ ತುಂಬ ನಕಾಶೆ, ಮೂಲೆಯಲ್ಲಿ ಊರಿನ ರೊಟ್ಟಿ ಗಂಟು, ಕಿಟಕಿಗೆ ಒಣಹಾಕಿದ ಟವೆಲ್ಲು. ಅಣ್ಣ ಊರಲ್ಲಿ ಗೋವಿನಜೋಳ ಬೆಳೆಯುತ್ತಾನೆ. ಕೋಚಿಂಗ್ ಫೀ ಅವನದೇ. ಒಂದು ದಿನ ರೊಟ್ಟಿ, ಶೇಂಗಾ ಚಟ್ನಿ ಕೊಡಲು ಬಂದವನು ಹಾಸಿಗೆ ಕೆಳಗೆ ನಲವತ್ತಕ್ಕೂ ಹೆಚ್ಚು ಚಿತ್ರ ನೋಡಿದ. ಎಲ್ಲವೂ ಹಳೇ ಪ್ರಶ್ನೆಪತ್ರಿಕೆಗಳ ಹಿಂದೆ. ಎಲ್ಲವೂ ಹೆಚ್ಚುಕಡಿಮೆ ಕಪ್ಪು.

ಅಣ್ಣ ನನ್ನೆದುರು ಕೂತು ಆಡಿದ ಮೊದಲ ಮಾತು ಇದು: "ಮೇಡಂ, ನಾ ಇವನ್ನ ಧಾರವಾಡಕ್ಕ ಓದಾಕ ಕಳಿಸೇನ್ರಿ. ಆ ಧಾರವಾಡಕ್ಕ ಅಲ್ಲ."

ನಮ್ಮ ಕಡೆಯವರಿಗೆ ಈ ಮಾತು ಅರ್ಥವಾಗುತ್ತದೆ. ಇಲ್ಲಿ ಮಾನಸಿಕ ಆಸ್ಪತ್ರೆ ಇದೆ. ಹಾಗಾಗಿ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ "ಧಾರವಾಡಕ್ಕ ಹೋಗಿ ಬಾ" ಅಂತ ಚಾಷ್ಟಿ ಮಾಡುವ ರೂಢಿ ಹಳೆಯದು. ಅಣ್ಣನ ದನಿಯಲ್ಲಿ ಚಾಷ್ಟಿ ಇರಲಿಲ್ಲ, ಹೆದರಿಕೆ ಇತ್ತು.

ಚಿತ್ರಗಳನ್ನು ಬದಿಗಿಟ್ಟು ಮೊದಲು ಕೇಳಬೇಕಾದ್ದನ್ನೇ ಕೇಳಿದೆ. ನಿದ್ದೆ ಹೇಗಿದೆ, ಊಟ, ಕ್ಲಾಸಿಗೆ ಹೋಗುತ್ತಾನಾ, ಗೆಳೆಯರ ಜೊತೆ ಮಾತುಂಟಾ, ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತದಾ. ಸಾಯಬೇಕು ಅನ್ನುವ ವಿಚಾರ ಬಂದಿದೆಯಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ಬಹಳ ಜನ ಅಂಜುತ್ತಾರೆ. ಹಾಗಾಗುವುದಿಲ್ಲ. ಕೇಳದೇ ಬಿಟ್ಟರೇ ತೊಂದರೆ. ಹಾಡು ಕೇಳಿ ಈ ಚಿತ್ರ ಬರೆಯುತ್ತೇನೆ ಅಂದಿದ್ದ. ಹಾಗಾಗಿ ಯಾರೂ ಹಾಡದಿದ್ದಾಗಲೂ ಹಾಡು ಕಿವಿಗೆ ಬೀಳುತ್ತದಾ ಅಂತ ಕೇಳಿದೆ. ಹೌದು ಅಂದಿದ್ದರೆ ಆವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲ ಅಂದ. ಹಾಡು ಕೇಳಿದರೆ ಕಣ್ಣಿಗೆ ತಾನಾಗಿ ಬಣ್ಣ ಕಾಣುವವರು ಕೆಲವರಿರುತ್ತಾರೆ. ಅದು ರೋಗವಲ್ಲ, ಒಂದು ಹುಟ್ಟುಗುಣ. ಅದನ್ನೂ ಕೇಳಿದೆ. "ಕಾಣೂದಿಲ್ರಿ. ನಾನಾ ಹುಡುಕ್ತೇನ್ರಿ" ಅಂದ.

ಪರೀಕ್ಷೆಯ ಚಿಂತೆ ಇತ್ತು, ಅಣ್ಣನ ದುಡ್ಡಿನ ಭಾರ ಇತ್ತು. ಸಪ್ತಾಪುರದ ಯಾವ ರೂಮಿನಲ್ಲಿ ಅವಿಲ್ಲ? ಅದಕ್ಕಿಂತ ಹೆಚ್ಚಿನದು ನನಗೆ ಕಾಣಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಚಿತ್ರಗಳು ಟೇಬಲ್ ಮೇಲೆ ಇದ್ದವಲ್ಲ. ಒಂದು ಚಿತ್ರದ ಹಿಂದೆ ಹಾಡಿನ ಹೆಸರು ಬರೆದಿದ್ದ: "ಸೋರುತಿಹುದು ಮನೆಯ ಮಾಳಿಗೆ". ಶಿಶುನಾಳ ಷರೀಫರ ಪದ. ನಮ್ಮ ಭಾಗದ ಭಜನಿ ಮ್ಯಾಳಗಳಲ್ಲಿ ಅದನ್ನು ಹಾಡದವರಿಲ್ಲ. ಹಾಳೆಯಲ್ಲಿ ಮನೆ ಇಲ್ಲ, ಮಾಳಿಗೆ ಇಲ್ಲ, ಮಳೆಯೂ ಇಲ್ಲ. ಬರೀ ಕಪ್ಪು, ಕೆಳಗೆ ಸಾಲಾಗಿ ಚುಕ್ಕಿ, ನಡುವೆ ಬ್ಲೇಡಿನಿಂದ ಗೀರಿದ ಏಳೆಂಟು ಗೆರೆ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಸೋರುವ ಮನೆ: ಕುಟುಂಬದ ಸಾಲ? ಬ್ಲೇಡ್." ಅವನು ಗ್ಲಾಸು ಎತ್ತಿ ನೀರು ಕುಡಿಯುವಾಗ ಮಣಿಕಟ್ಟನ್ನೂ ನೋಡಿದೆ. ಏನೂ ಇರಲಿಲ್ಲ.

ಎರಡನೇ ಸಲ ಬಂದಾಗ, ಸುಮ್ನೆ ಹೇಳುವವಳ ಹಾಗೆ, "ಮುಂದಿನ ಸಲ ಒಂದೀಟು ತಿಳಿ ಬಣ್ಣ ಹಚ್ಚಿ ನೋಡು. ಹಳದಿ, ಕೇಸರಿ. ಮನಸ್ಸಿಗೂ ಹಗುರ ಅನಿಸ್ತದ" ಅಂದೆ. ಅವನು ತಲೆ ಅಲ್ಲಾಡಿಸಿದ.

ಮೂರನೇ ಸಲ ಹಳದಿ ಚಿತ್ರ ತಂದ. ಈ ಸಲ ಪ್ರಶ್ನೆಪತ್ರಿಕೆ ಅಲ್ಲ, ಅಂಗಡಿಯಲ್ಲಿ ಕೊಂಡ ಡ್ರಾಯಿಂಗ್ ಶೀಟು. ಸೂರ್ಯ, ಹೊಲ, ಎರಡು ಹಕ್ಕಿ. ಅಚ್ಚುಕಟ್ಟಾಗಿತ್ತು. ನನಗೆ ಖುಷಿಯಾಯಿತು, ಮುಖದಲ್ಲೂ ಕಂಡಿರಬೇಕು. "ಭಾಳ ಛಲೋ ಆಗ್ಯದ. ಯಾವ ಹಾಡು ಇದು?" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಹಳ ಮರ್ಯಾದೆಯಿಂದ, ನನಗೆ ಬೇಜಾರಾಗಬಾರದು ಅನ್ನುವ ಹಾಗೆ ಹೇಳಿದ: "ಇದರಾಗ ಹಾಡಿಲ್ಲರಿ ಮೇಡಂ. ಇದು ನಿಮಗಂತ ತಗದದ್ದು."

ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಬೈಸಿಕೊಂಡಿದ್ದೇನೆ, ಬಾಗಿಲು ಬಡಿದು ಎದ್ದು ಹೋದವರನ್ನು ನೋಡಿದ್ದೇನೆ. ಈ ಮಾತಿನಷ್ಟು ಯಾವುದೂ ನಾಟಿರಲಿಲ್ಲ. ಎಲ್ಲರೂ ಹೇಳಿದ್ದಕ್ಕೆ ತಲೆ ಅಲ್ಲಾಡಿಸುವ ಹುಡುಗ ಅವನು. ಅಣ್ಣ ಹೇಳಿದ ಅಂತ ಪರೀಕ್ಷೆ, ಸರ್ ಹೇಳಿದರು ಅಂತ ಕರೆಂಟ್ ಅಫೇರ್ಸು. ಯಾರೂ ಹೇಳದೆ ಅವನು ಮಾಡುತ್ತಿದ್ದದ್ದು ಹಾಸಿಗೆ ಕೆಳಗಿನ ಅದೊಂದನ್ನೇ. ನಾನು ಅದಕ್ಕೂ ಸಿಲಬಸ್ ಹಾಕಿದ್ದೆ.

"ಹಂಗಾದ್ರ ಹಾಡು ಇರೂದನ್ನ ತೋರಿಸು" ಅಂದೆ. ಆ ಕಪ್ಪು ಚಿತ್ರ ತೆಗೆದ. ಕೊಡುವ ಮೊದಲು ಕಿಟಕಿ ಹತ್ತಿರ ಒಯ್ದ. ಬೆಳಕಿಗೆ ಹಿಡಿದಾಗ ನೋಡಿದರೆ ಅದು ಕಪ್ಪೇ ಅಲ್ಲ. ನೀಲಿಯ ಮೇಲೆ ಕಂದು, ಅದರ ಮೇಲೆ ಮತ್ತೆ ನೀಲಿ. ಅಂಚಿನಲ್ಲಿ ಕೆಂಪು ಇಣುಕುತ್ತಿತ್ತು. ಕಪ್ಪು ಬಣ್ಣದ ಬಾಟಲಿಯನ್ನು ಅವನು ಕೊಂಡೇ ಇರಲಿಲ್ಲ. ಎರಡು ವಾರದಿಂದ ನಾನು ಟ್ಯೂಬ್‌ಲೈಟಿನ ಕೆಳಗೆ ಇದರ ಅರ್ಥ ಹುಡುಕುತ್ತಿದ್ದೆ.

"ಅಮವಾಸಿ ಭಜನಿರಿ ಇದು" ಅಂತ ಶುರು ಮಾಡಿದ. "ಮಠದಾಗ ಕುಂತಾಗ ಕರೆಂಟ್ ಹೋಕ್ಕೈತಿ. ಹಾಡು ನಿಲ್ಲೂದಿಲ್ರಿ. ಪೇಟಿ ಕಾಣೂದಿಲ್ಲ, ತಬಲಾ ಕಾಣೂದಿಲ್ಲ, ಎಲ್ಲಾ ಕೇಳತೈತಿ. ಅದು ಇದು."

ಆಮೇಲೆ ಫೋನು ತೆಗೆದು ಹಾಡು ಹಚ್ಚಿದ. ಊರಲ್ಲಿ ಅವನೇ ರೆಕಾರ್ಡ್ ಮಾಡಿದ್ದು. ಹಿಂದೆ ನಾಯಿ ಬೊಗಳುವುದೂ ಕೇಳಿಸುತ್ತದೆ. ಒಂದೇ ಹಾಡನ್ನು ಐದಾರು ಸಲ ಕೇಳುತ್ತಾನಂತೆ. ಮೊದಲ ಸಲ ಕಣ್ಣು ಮುಚ್ಚಿ ಪೆನ್ಸಿಲ್ಲಿನಿಂದ ಬರೀ ತಾಳ. ಎಂಟು ಮಾತ್ರೆ, ಎಂಟು ಚುಕ್ಕಿ. ಕೆಳಗಿನ ಸಾಲು ಅದು. ನೋಡಿದರೆ ಪ್ರತಿ ಎಂಟರಲ್ಲಿ ಮೊದಲನೆಯದು ದಪ್ಪಗಿದೆ. ಎಲ್ಲರೂ ಸೇರಿ ಪಲ್ಲವಿ ಹಿಡಿಯುವಲ್ಲಿ ಅಗಲದ ಬ್ರಶ್ಶು. ಹಾಡಿನ ಮಾತನ್ನು ಅವನು ಬರೆಯುವುದೇ ಇಲ್ಲ. "ಮಾಳಿಗೆ ತಗದ್ರ ಅದು ಪದದ ಚಿತ್ರ ಆಕ್ಕೈತ್ರಿ. ಹಾಡಿಂದು ಆಗೂದಿಲ್ಲ."

"ಈ ಬ್ಲೇಡಿನ ಗೆರೆ?" ಅಂದೆ.

ಉತ್ತರ ಬಂದದ್ದು ಬಾಗಿಲಿನಿಂದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಣ್ಣ ಹಾಡು ಕೇಳಿ ಎದ್ದು ಬಂದಿದ್ದ. "ಇದು ನಮ್ಮ ಮ್ಯಾಳದ್ದಲ್ಲ? ಹ್ವಾದ ವರ್ಷದ್ದು. ಥೂ, ಅವತ್ತ ನನ್ನ ದನಿ ಕುಂತಿತ್ತು, ನೆಗಡಿ ಆಗಿತ್ತು. ಇದನ್ಯಾಕ ಇಟಗೊಂಡೀಯೋ?"

ತಮ್ಮ ಏನೂ ಅನ್ನಲಿಲ್ಲ. ಚಿತ್ರದ ಗೀರುಗಳ ಮೇಲೆ ಬೆರಳಿಟ್ಟು ತೋರಿಸಿದ. ಒಡೆದ ದನಿ ಬರುವ ಜಾಗ ಅದೇ. ಅಣ್ಣ ಬಗ್ಗಿ ನೋಡಿ, "ಇಷ್ಟ್ ಸಲ ಒಡದಿತ್ತೇನ್?" ಅಂದ.

ನೋಟ್‌ಬುಕ್ಕಿನಲ್ಲಿ "ಬ್ಲೇಡ್" ಅಂತ ಬರೆದಿದ್ದನ್ನು ನಾನು ಇನ್ನೂ ಹೊಡೆದುಹಾಕಿಲ್ಲ. ನೋಡಿದಾಗಲೆಲ್ಲ ನೆನಪಾಗಲಿ ಅಂತ ಬಿಟ್ಟಿದ್ದೇನೆ.

ಕಪ್ಪು ಅಂದರೆ ದುಃಖ, ಕೆಂಪು ಅಂದರೆ ಸಿಟ್ಟು, ಹಳದಿ ಅಂದರೆ ಉತ್ಸಾಹ. ಇಂಥ ಪಟ್ಟಿಗಳು ಫೋನಿನಿಂದ ಫೋನಿಗೆ ಓಡಾಡುತ್ತವೆ. ನಾವು ಸಲಹೆಗಾರರೂ ಅವನ್ನು ಪೂರ್ತಿ ತಲೆಯಿಂದ ತೆಗೆದಿರುವುದಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ಅಲ್ಲ, ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಹುಟ್ಟಿ ಬೆಳೆದವರಿಗೆ ಕಪ್ಪು ಅಂದರೆ ದುಃಖ ಅಂತ ಕಲಿಸಿದವರು ಯಾರು? ಹತ್ತಿ, ಜೋಳ, ಕಡಲೆ ಎಲ್ಲ ಬರುವುದು ಆ ಕಪ್ಪಿನಿಂದಲೇ ಅಲ್ವಾ.

ಚಿತ್ರ ನೋಡಿ ಮನಸ್ಸಿನ ಸ್ಥಿತಿ ಊಹಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಮೊದಲು ಬರೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರೆ, ಬರೆದದ್ದನ್ನೆಲ್ಲ ಹರಿದು ಹಾಕಿದರೆ, ಅದರ ಜೊತೆಗೆ ನಿದ್ದೆ, ಊಟ, ಮಾತು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ತಡ ಮಾಡಬೇಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿಗೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನೋಡಬೇಕಾದ್ದು ಮನುಷ್ಯನನ್ನು, ಅವನ ಬಣ್ಣದ ಡಬ್ಬಿಯನ್ನಲ್ಲ.

ಅಣ್ಣನಿಗೆ ಸಮಾಧಾನವಾಗಲಿ ಅಂತ ನಾನು ಸ್ವಲ್ಪ ಓದಿಕೊಂಡೂ ಹೋಗಿದ್ದೆ. ಹಾಡನ್ನು ಚಿತ್ರ ಮಾಡುವುದು ನಿಮ್ಮ ತಮ್ಮನ ಹೊಸ ಹುಚ್ಚಲ್ಲ, ನಾನೂರು ವರ್ಷದ ಹಿಂದೆಯೇ ರಾಜಸ್ಥಾನದಲ್ಲಿ, ನಮ್ಮ ದಖ್ಖನಿನ ಸುಲ್ತಾನರ ಕಡೆ ಒಂದೊಂದು ರಾಗಕ್ಕೆ ಒಂದೊಂದು ಚಿತ್ರ ಬರೆಯುವ ರಾಗಮಾಲಾ ಚಿತ್ರಗಳಿದ್ದವು ಅಂದೆ. ತೋಡಿ ರಾಗ ಅಂದರೆ ವೀಣೆ ಹಿಡಿದು ಕಾಡಿನಲ್ಲಿ ನಿಂತ ಹೆಂಗಸು, ಸುತ್ತ ಜಿಂಕೆಗಳು. ಆಸಾವರಿ ಅಂದರೆ ಹಾವುಗಳ ನಡುವೆ ಕೂತವಳು. ಇಲ್ಲೇ ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನಂತೂ ತಾನೇ ಪದ ಕಟ್ಟುತ್ತಿದ್ದ, ರಾಗಗಳು ನೋಡಲು ಹೇಗಿರುತ್ತವೆ ಅಂತ ಆ ಪದಗಳಲ್ಲೇ ಬಣ್ಣಿಸುತ್ತಿದ್ದ. ರಷ್ಯಾದ ಚಿತ್ರಗಾರ ಕ್ಯಾಂಡಿನ್‌ಸ್ಕಿ 1911ರಲ್ಲಿ ಮ್ಯೂನಿಕ್‌ನಲ್ಲಿ ಒಂದು ಸಂಗೀತ ಕಛೇರಿ ಕೇಳಿ ಬಂದು ಅದನ್ನು ಚಿತ್ರ ಮಾಡಿದ. ಅದರಲ್ಲಿ ಅರ್ಧಕ್ಕರ್ಧ ಹಳದಿ, ನಡುವೆ ದೊಡ್ಡ ಕಪ್ಪು ಆಕಾರ, ಅದು ಪಿಯಾನೋ.

ಅಣ್ಣ ಎಲ್ಲ ಕೇಳಿಸಿಕೊಂಡು, "ಅವ ಬಾದಶಹಾ ಇದ್ದಾ ಬಿಡ್ರಿ ಮೇಡಂ. ಇವಗ ಎಕ್ಸಾಮ್ ಐತಿ" ಅಂದ. ಅದೂ ಖರೆ.

ಕೊನೆಗೆ ಕೊಟ್ಟ ಸಲಹೆ ಇಷ್ಟು. ದಿನ ರಾತ್ರಿ ಒಂಬತ್ತಕ್ಕೆ ಒಂದು ತಾಸು ಚಿತ್ರ. ಮಾಕ್ ಟೆಸ್ಟಿನಲ್ಲಿ ಮಾರ್ಕ್ಸು ಬಂದರೂ ಆ ತಾಸು ಉಂಟು, ಬರದಿದ್ದರೂ ಉಂಟು. ಅದು ಬಹುಮಾನವಲ್ಲ, ಶಿಕ್ಷೆ ಅಂತ ಅದನ್ನು ಕಸಿಯಲೂಬಾರದು. ಪರೀಕ್ಷೆ ಮುಗಿಯುವವರೆಗೆ ಸ್ಟೇಟಸ್ಸಿಗೆ ಹಾಕುವುದು ಬೇಡ, ಯಾಕಂದರೆ ಲೈಕು ಬಿದ್ದ ಮೇಲೆ ಕೈ ತಾನಾಗಿಯೇ ಹಳದಿ ಕಡೆ ಹೋಗುತ್ತದೆ. ಹಾಸಿಗೆ ಕೆಳಗೆ ಇಡದೆ ಒಂದು ಫೈಲಿನಲ್ಲಿ ಇಡು, ಹಿಂದೆ ತಾರೀಖು ಮತ್ತು ಹಾಡಿನ ಹೆಸರು ಬರೆ ಅಂದೆ. ಅಣ್ಣನಿಗೆ ಹೇಳಿದ್ದು ಎರಡೇ. "ಏನಿದು" ಅಂತ ಕೇಳಬೇಡಿ, "ಯಾವ ಹಾಡು" ಅಂತ ಕೇಳಿ. ಪ್ರತಿ ಅಮವಾಸ್ಯೆಯ ಭಜನಿ ರೆಕಾರ್ಡ್ ಮಾಡಿ ಕಳಿಸಿ.

ಈ ಸಲಹೆಗೆ ಆಕ್ಷೇಪ ಬಂತು. ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಅಷ್ಟು ಕೈ ಇರುವ ಹುಡುಗನನ್ನು ಚಿತ್ರಕಲೆ ಕಲಿಯಲು ಹಚ್ಚಬೇಕಿತ್ತು ಅಂದರು. ಧಾರವಾಡದಲ್ಲಿ ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆಯ ಪರಂಪರೆ ಇದೆ, ಗದಗಿನಲ್ಲೂ ಕಲಿಯಬಹುದು, ನೀವು ದಾರಿ ತೋರಿಸಲಿಲ್ಲ ಅಂದರು. ಇನ್ನೊಬ್ಬರು ಇದಕ್ಕೆ ಉಲ್ಟಾ: ಪರೀಕ್ಷೆ ಆಗುವವರೆಗೆ ಬ್ರಶ್ಶು ಮುಟ್ಟಬೇಡ ಅನ್ನಬೇಕಿತ್ತಂತೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಅವನು ಎರಡನ್ನೂ ಕೇಳಿರಲಿಲ್ಲ. ಚಿತ್ರಗಾರನಾಗಬೇಕಾ ಅಂತ ನಾನೇ ಕೇಳಿದಾಗ "ಗೊತ್ತಿಲ್ರಿ" ಅಂದ. ಗೊತ್ತಿಲ್ಲದವನಿಗೆ ಇನ್ನೊಂದು ಗುರಿ ಕೊಡುವುದು ಸುಲಭ. ಆದರೆ ಅವನ ಹತ್ತಿರ ಗುರಿಗಳಿಗೇನೂ ಬರ ಇರಲಿಲ್ಲ. ಗುರಿ ಇಲ್ಲದ ಒಂದು ತಾಸು ಇತ್ತು. ಅದನ್ನು ಕಾಯುವುದು ನನಗೆ ಮುಖ್ಯ ಅನಿಸಿತು. ನಾಳೆ ಅವನೇ ಕಾಲೇಜು ಸೇರುತ್ತೇನೆ ಅಂದರೆ ಅರ್ಜಿ ತುಂಬಲು ನಾನೇ ಕೂರುತ್ತೇನೆ.

ಒಂದು ಪರೀಕ್ಷೆ ಬರೆದ, ಆಗಲಿಲ್ಲ. ಇನ್ನೊಂದಕ್ಕೆ ಓದುತ್ತಿದ್ದಾನೆ. ಅಣ್ಣ ಅಮವಾಸ್ಯೆಯ ಮರುದಿನ ಹಾಡು ಕಳಿಸುತ್ತಾನೆ, ಜೊತೆಗೆ "ಈ ಸಲ ದನಿ ಛಲೋ ಐತಿ" ಅಂತ ಒಂದು ವಾಯ್ಸ್ ಮೆಸೇಜು. ಹಂಗಿದ್ದರೆ ಬ್ಲೇಡಿಗೆ ಕೆಲಸ ಇಲ್ಲ ಅಂತ ತಮ್ಮ ನಗುತ್ತಾನೆ.

ಹಳದಿ ಚಿತ್ರವನ್ನು ಅವನು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾನೆ. ಗೋಡೆಗೆ ಹಚ್ಚಿಲ್ಲ, ಟೇಬಲ್ಲಿನ ಡ್ರಾವರಿನಲ್ಲಿದೆ. ಯಾರಾದರೂ ಕವರು ತಂದು ಚಿತ್ರ ಹರವಿದಾಗ ಒಮ್ಮೆ ಡ್ರಾವರು ಎಳೆದು ನೋಡುತ್ತೇನೆ. ಹಿಂದೆ ತಾರೀಖು ಇದೆ. ಹಾಡಿನ ಹೆಸರು ಬರೆಯುವಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದಿದ್ದಾನೆ.