ವಿಮ್‌ನಲ್ಲಿ ಹಳೆಯ ಪ್ರತಿಗಳು ತಾವಾಗಿಯೇ ಉಳಿಯುವಂತೆ ಮಾಡುವುದು

ನಮಸ್ಕಾರ. ಡೊಂಬಿವಲಿಯ ಸಂಘದ ಸ್ಮರಣಸಂಚಿಕೆಯ ಲೇಖನಗಳನ್ನು ವಿಮ್ ಎಂಬ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ತಿದ್ದುವಾಗ ಬ್ಯಾಕಪ್ ಆಯ್ಕೆ ಚಾಲೂ ಇದ್ದರೂ ಒಂದೇ ಹಳೆಯ ಪ್ರತಿ ಸಿಗುತ್ತದೆ, ಎರಡು ಫೋಲ್ಡರ್‌ಗಳ 'ಮುನ್ನುಡಿ'ಗಳು ಒಂದರ ಮೇಲೊಂದು ಬೀಳುತ್ತವೆ ಎಂದು ಕೇಳಿದ್ದೀರಿ.

ವಿಮ್ ಹಳೆಯ ಪ್ರತಿಯ ಹೆಸರಿನ ಕೊನೆಗೆ ಪ್ರತಿಸಲವೂ ಅದೇ ಅಲೆಗೆರೆಯನ್ನು (~) ಸೇರಿಸುವುದರಿಂದ ಹಿಂದಿನದು ಅಳಿಯುತ್ತದೆ. ಆದ್ದರಿಂದ ಬಫ್‌ರೈಟ್‌ಪ್ರಿ ಎಂಬ ಆಟೋಕಮಾಂಡ್‌ನಲ್ಲಿ (ತಾನಾಗಿ ಓಡುವ ಆಜ್ಞೆ), ಅಂದರೆ ಕಡತ ಉಳಿಸುವ ಮುಂಚಿನ ಕ್ಷಣದಲ್ಲಿ, ಪ್ರತಿಯ ಹೆಸರಿನ ಕೊನೆಯನ್ನು ನಿರ್ಧರಿಸುವ ಬ್ಯಾಕಪ್‌ಎಕ್ಸ್‌ಟ್ ಆಯ್ಕೆಗೆ, ಸ್ಟ್ರಫ್‌ಟೈಮ್ ಎಂಬ ಫಂಕ್ಷನ್ ಕೊಡುವ ದಿನಾಂಕ ಮತ್ತು ವೇಳೆಯನ್ನು ತುಂಬಿಸಿರಿ. ವಿಂಡೋಸ್ ಒಪ್ಪದ ಕಾರಣ ವೇಳೆಯಲ್ಲಿ ಕೋಲನ್ ಬೇಡ, ಅಡ್ಡಗೆರೆ ಸಾಕು. ಪ್ರತಿಗಳು ಹೋಗಿ ಸೇರುವ ಫೋಲ್ಡರನ್ನು ಹೇಳುವ ಬ್ಯಾಕಪ್‌ಡಿರ್ ಆಯ್ಕೆಯಲ್ಲಿ ವಿಳಾಸವನ್ನು ಎರಡು ಓರೆಗೆರೆಗಳಿಂದ (//) ಮುಗಿಸಿದರೆ ಕಡತದ ಪೂರ್ಣ ದಾರಿಯೇ ಶೇಕಡಾ ಚಿಹ್ನೆಗಳೊಂದಿಗೆ ಹೆಸರಿಗೆ ಸೇರುತ್ತದೆ. ನಿಮ್ಮ ಎರಡು ಮುನ್ನುಡಿಗಳು ಆಗ ಬೇರೆಬೇರೆಯಾಗಿಯೇ ಉಳಿಯುತ್ತವೆ. ಇದಕ್ಕೆ ವಿಮ್‌ನ 2018ರ ನಂತರದ ಆವೃತ್ತಿ ಬೇಕು. ಬ್ಯಾಕಪ್‌ಡಿರ್‌ನ ಫೋಲ್ಡರನ್ನು ವಿಮ್ ತಾನಾಗಿ ಸೃಷ್ಟಿಸುವುದಿಲ್ಲ, ನೀವೇ ಮಾಡಿಡಿರಿ.

ಹಳೆಯ ಪ್ರತಿಗಳನ್ನು ಅಳಿಸುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ಎಚ್ಚರವಿರಲಿ. ಲಿನಕ್ಸ್‌ನಲ್ಲಿ ವಿಮ್ ಬ್ಯಾಕಪ್ ಪ್ರತಿಗೆ ಮೂಲ ಕಡತದ ಹಳೆಯ ತಿದ್ದುಪಡಿ ವೇಳೆಯನ್ನೇ ಉಳಿಸುತ್ತದೆ. ಎರಡು ತಿಂಗಳಿಂದ ಮುಟ್ಟದ ಲೇಖನವೊಂದನ್ನು ನಾನು ಪುಣೆಯ ಮನೆಯಲ್ಲಿ ಸಂಜೆ ತಿದ್ದಿದೆ. 30 ದಿನ ದಾಟಿದ್ದನ್ನು ಅಳಿಸೆಂದು ಎಮ್‌ಟೈಮ್ (ತಿದ್ದುಪಡಿ ವೇಳೆ) ನೋಡಿ, ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಓಡಿಸುತ್ತಿದ್ದ ಫೈಂಡ್ ಎಂಬ ಕಡತ ಹುಡುಕುವ ಆಜ್ಞೆ, ಅಂದೇ ಹುಟ್ಟಿದ ಪ್ರತಿಯನ್ನು ರಾತ್ರಿಯೇ ಗುಡಿಸಿಹಾಕಿತ್ತು. ತಪ್ಪು ನನ್ನದೇ. ಸಿಟೈಮ್ (ಕಡತದ ಸ್ಥಿತಿ ಕೊನೆಗೆ ಬದಲಾದ ವೇಳೆ) ಬಳಸಿರಿ, ಇಲ್ಲವೇ ಹೆಸರಿನಲ್ಲಿರುವ ದಿನಾಂಕವನ್ನು ನೋಡಿ ಅಳಿಸಿರಿ. ಮೂಲವೂ ಪ್ರತಿಯೂ ಒಂದೇ ಡಿಸ್ಕ್‌ನಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆಯಾದ್ದರಿಂದ, ಅದೇ ಸ್ಕ್ರಿಪ್ಟ್‌ಗೆ ಹೊರಗಿನ ಡಿಸ್ಕ್‌ಗೆ ನಕಲಿಸುವ ಆರ್‌ಸಿಂಕ್ ಎಂಬ ಆಜ್ಞೆಯ ಒಂದು ಸಾಲನ್ನೂ ಸೇರಿಸಿಕೊಳ್ಳಿರಿ.