ಬದಿಯಡ್ಕದ ಮನೆಯಲ್ಲಿ ವೆಬ್ ಸರ್ವರ್: ಅಗ್ಗದ ಸಾಫ್ಟ್‌ವೇರ್ ಯಾವುದು?

ಮನೆಯಲ್ಲಿ 4 ಜಿಬಿಯ ಹಳೆ ಲ್ಯಾಪ್‌ಟಾಪ್ ಮತ್ತು ಫೈಬರ್ ಇದೆ, ಕನ್ನಡದ ಸಣ್ಣ ತಾಣ ನಡೆಸಲು ಅಗ್ಗದ ಸರ್ವರ್ ಸಾಫ್ಟ್‌ವೇರ್ ಯಾವುದು ಎಂದು ಕೇಳಿದ್ದೀರಿ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅಪಾಚೆ 1995ರಿಂದ, ಎಂಜಿನ್‌ಎಕ್ಸ್ 2004ರಿಂದ ಪುಕ್ಕಟೆಯಾಗಿಯೇ ಸಿಗುತ್ತಿವೆ. ಹೊಸಬರಿಗೆ ನಾನು ಹೇಳುವುದು ಕ್ಯಾಡಿ, ಅದೂ ಪುಕ್ಕಟೆ. ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸನ್ನು ಡೆಸ್ಕ್‌ಟಾಪ್ ಪರದೆ ಇಲ್ಲದೆ ಹಾಕಿ, ಅದರ ಮೇಲೆ ಕ್ಯಾಡಿ ಹಾಕಿದರೆ 4 ಜಿಬಿ ಧಾರಾಳವಾಯಿತು. ಕ್ಯಾಡಿಯ ಕಾನ್ಫಿಗ್ ಫೈಲಿನಲ್ಲಿ, ಅಂದರೆ ಸೆಟ್ಟಿಂಗ್ ಬರೆಯುವ ಫೈಲಿನಲ್ಲಿ, ಬೇಕಾದ್ದು ಮೂರೇ ಸಂಗತಿ: ತಾಣದ ವಿಳಾಸ, ಪುಟಗಳಿರುವ ಫೋಲ್ಡರ್, ಫೈಲ್ ಸರ್ವರ್ ಎಂಬ ಸಾಲು.

ಆದರೆ ಅದಕ್ಕೂ ಮೊದಲು ರೌಟರಿನ ಪುಟ ತೆರೆದು ವ್ಯಾನ್ ಐಪಿ, ಅಂದರೆ ರೌಟರಿಗೆ ಇಂಟರ್ನೆಟ್ ಕಡೆಯಿಂದ ಸಿಕ್ಕ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ಅಥವಾ ಮೊದಲ ಚುಕ್ಕೆಯ ಹಿಂದೆ ಬರೇ 10 ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ರೌಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದವರನ್ನು ಲ್ಯಾಪ್‌ಟಾಪಿಗೆ ಕಳಿಸುವ ಸೆಟ್ಟಿಂಗ್) ಹೊರಗಿನವರು ಒಳಗೆ ಬರಲಾರರು. ಹೆಚ್ಚಿನವರು ಸರ್ವರನ್ನೇ ದೂರುತ್ತಾ ದಿನ ಕಳೆಯುವುದು ಇಲ್ಲಿಯೇ.

ದಾರಿ ಎರಡು. ಇಂಟರ್ನೆಟ್ ಕೊಡುವವರಿಂದ ಹೆಚ್ಚಿನ ಹಣ ಕೊಟ್ಟು ಸಾರ್ವಜನಿಕ ಐಪಿ ಪಡೆಯಬಹುದು. ಇಲ್ಲವೇ ಸ್ವಂತ ಡೊಮೈನ್, ಅಂದರೆ ತಾಣದ ಹೆಸರೊಂದನ್ನು ಕೊಂಡು ಕ್ಲೌಡ್‌ಫ್ಲೇರ್ ಕಂಪನಿಯ ಟನಲ್ ಬಳಸಬಹುದು. ಟನಲ್ ಪುಕ್ಕಟೆ, ನಿಮ್ಮ ಯಂತ್ರವೇ ಒಳಗಿನಿಂದ ಹೊರಗೆ ಸಂಪರ್ಕ ಮಾಡುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಹವ್ಯಾಸಕ್ಕೆ ಇದೇ ಸಾಕು. ಟನಲ್ ಹಾಕುವಾಗ ಮಾತ್ರ ಕ್ಯಾಡಿಯ ಫೈಲಿನಲ್ಲಿ ಡೊಮೈನ್ ಹೆಸರು ಬರೆಯಬೇಡಿ, ಬರೇ ಕೋಲನ್ 8080 ಎಂದು ಬರೆದು ಟನಲನ್ನು ಆ ಪೋರ್ಟಿಗೆ ತಿರುಗಿಸಿ. ಹೆಸರು ಬರೆದರೆ ಕ್ಯಾಡಿ ಬಂದವರನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ, ಟನಲ್ ಅವರನ್ನು ಮತ್ತೆ ಎಚ್‌ಟಿಟಿಪಿಯಲ್ಲೇ ತರುತ್ತದೆ. ಪುಟ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಸಾರ್ವಜನಿಕ ಐಪಿ ಇದ್ದವರು ಡೊಮೈನ್ ಹೆಸರನ್ನೇ ಬರೆಯಬೇಕು. 80 ಮತ್ತು 443ರ ಪೋರ್ಟ್ ತೆರೆದಿದ್ದರೆ ಕ್ಯಾಡಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು ತಾನೇ ತರುತ್ತದೆ, ತಾನೇ ನವೀಕರಿಸುತ್ತದೆ.

ಪುಟಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಡಬೇಡಿ. ಕ್ಯಾಡಿ ಬೇರೆ ಬಳಕೆದಾರನಾಗಿ ಓಡುತ್ತದೆ, ಹೊಸ ಡೆಬಿಯನ್‌ನಲ್ಲಿ ಒಬ್ಬರ ಹೋಮ್ ಇನ್ನೊಬ್ಬರಿಗೆ ತೆರೆಯದು, ಪ್ರವೇಶವಿಲ್ಲ ಎನ್ನುವ 403 ದೋಷ ಬರುತ್ತದೆ. ಎಸ್‌ಆರ್‌ವಿ (/srv) ಫೋಲ್ಡರಿನಲ್ಲಿ ಇಡಿ.

ಕನ್ನಡಕ್ಕೆ ಸಂಬಂಧಿಸಿದ ಒಂದು ತೊಂದರೆಯ ಗುರುತು ತಿಳಿದಿರಲಿ. ಅಕ್ಷರಗಳ ಜಾಗದಲ್ಲಿ ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಎ, ಅದರ ಬೆನ್ನಿಗೇ ಮೇಲೆ ಸಿಕ್ಕಿಸಿದ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಕಂಡರೆ ಫೈಲ್ ಕೆಟ್ಟಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ತಲಾ 3 ಬೈಟ್. ಬ್ರೌಸರ್ ಅವನ್ನು ಬಿಡಿಬಿಡಿಯಾಗಿ ಓದಿದೆ, ಅಷ್ಟೆ. ಕ್ಯಾಡಿ ಎಚ್‌ಟಿಎಂಎಲ್ ಪುಟದ ಜೊತೆ ಯುಟಿಎಫ್-8 ಎಂದು ತಾನಾಗಿಯೇ ಹೇಳುತ್ತದೆ, ಎಂಜಿನ್‌ಎಕ್ಸ್‌ನಲ್ಲಿ ಚಾರ್‌ಸೆಟ್ (charset) ಸಾಲನ್ನು ನೀವೇ ಸೇರಿಸಬೇಕು.

ಡೆಬಿಯನ್‌ನ ಲಾಗಿನ್‌ಡಿ (logind) ಕಾನ್ಫಿಗ್ ಫೈಲಿನಲ್ಲಿ ಲ್ಯಾಪ್‌ಟಾಪ್ ಮುಚ್ಚಳದ ಸಾಲಿಗೆ ಇಗ್ನೋರ್ (ignore) ಎಂದು ಬರೆಯಿರಿ, ಇಲ್ಲದಿದ್ದರೆ ಮುಚ್ಚಿದ ಕೂಡಲೇ ಯಂತ್ರ ನಿದ್ದೆ ಹೋಗುತ್ತದೆ. 15 ವಾಟ್ ಎಳೆದರೂ ತಿಂಗಳಿಗೆ ಹತ್ತಿರ ಹತ್ತಿರ 11 ಯೂನಿಟ್. ಬ್ಯಾಟರಿಯೇ ಯುಪಿಎಸ್, ಆದರೆ ಟಚ್‌ಪ್ಯಾಡ್ ಉಬ್ಬಿದ್ದರೆ ಆ ಬ್ಯಾಟರಿ ಬಳಸಬೇಡಿ, ಬದಲಾಯಿಸಿ. ದುಡ್ಡು ಹಾಕುವುದಿದ್ದರೆ ರೌಟರಿಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್‌ಗೆ ಹಾಕಿ. ಲ್ಯಾಪ್‌ಟಾಪ್ ಉಳಿದು ರೌಟರ್ ಆರಿದರೆ ಏನು ಬಂತು? ತುಲಾ ತಿಂಗಳಲ್ಲಿ ಪ್ರತಿ ಸಲ ಗುಡುಗು ಶುರುವಾಗುವ ಮೊದಲೇ ಎರಡರ ಪ್ಲಗ್ಗನ್ನೂ ನಡುವಿನ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ವಿದ್ಯುತ್ತು ಒಳಬರುವುದು ಹೆಚ್ಚಾಗಿ ಕರೆಂಟಿನ ತಂತಿಯಿಂದ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ದಾಟುತ್ತದೆ.

ಕೊನೆಗೆ ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ತೆರೆದು ನೋಡಿ. ಕೆಲವು ರೌಟರುಗಳು ಒಳಗಿನಿಂದ ಹೊರ ವಿಳಾಸಕ್ಕೆ ಹೋಗಿ ಮತ್ತೆ ಒಳಗೆ ಬರಲು ಬಿಡುವುದಿಲ್ಲ, ಸರಿಯಾಗಿದ್ದ ತಾಣವೂ ಮನೆಯಲ್ಲಿ ಸತ್ತಂತೆ ಕಾಣುತ್ತದೆ.